ಕತುಲ್ಲುಸ್‌ನ ಎರಡು ಸಾಲಿಗೆ ಕನ್ನಡದ ಮಾತ್ರೆ

ಓದೀ ಎತ್ ಅಮೋ. ಕ್ವಾರೇ ಇದ್ ಫಕಿಯಮ್, ಫೋರ್ತಾಸ್ಸೆ ರೆಕ್ವೀರಿಸ್.
ನೆಸ್ಕಿಯೊ, ಸೆದ್ ಫಿಯೆರೀ ಸೆಂತಿಯೊ ಎತ್ ಎಕ್ಸ್‌ಕ್ರುಕಿಯೊರ್.

ಕ್ರಿ.ಪೂ. ಒಂದನೇ ಶತಮಾನದ ರೋಮನ್ ಕವಿ ಕತುಲ್ಲುಸ್‌ನ 85ನೇ ಪದ್ಯ ಇಷ್ಟೇ. 14 ಪದ, ಅದರಲ್ಲಿ 8 ಕ್ರಿಯಾಪದ. ನಾಮಪದ ಒಂದೂ ಇಲ್ಲ.

ಅನುವಾದಕ್ಕೆ ಕೂತಾಗ ಅರ್ಥಕ್ಕಿಂತ ಮೊದಲು ಗುರು-ಲಘು ಹಾಕುತ್ತೇನೆ: ಎಳೆದು ಹೇಳುವ ಅಕ್ಷರ ಗುರು, ಎರಡು ಮಾತ್ರೆ; ಗಿಡ್ಡದು ಲಘು, ಒಂದು ಮಾತ್ರೆ. ಲ್ಯಾಟಿನ್ ಛಂದಸ್ಸು ನಮ್ಮದರಂತೆಯೇ ಅಕ್ಷರದ ಉದ್ದ ನೋಡುತ್ತದೆ. ಇಂಗ್ಲಿಷಿನವರ ಹಾಗೆ ಒತ್ತು ಕೊಟ್ಟು ಓದಿದರೆ ಲಯ ಕೆಡುತ್ತದೆ. ಈ ಪದ್ಯದ ಗಣಗಳು ಎರಡೇ: ನಮ್ಮ ಭಗಣ (ಒಂದು ಗುರು, ಎರಡು ಲಘು), ಇಲ್ಲವೇ ಎರಡು ಗುರು. ಯಾವುದಾದರೂ ನಾಲ್ಕು ಮಾತ್ರೆ. ಮೊದಲ ಸಾಲು ಆರು ಗಣ, 24 ಮಾತ್ರೆ. ಎರಡನೆಯದು 10 ಮಾತ್ರೆಗೆ ಮುರಿದು ಮತ್ತೆ 10. ಸ್ವರಕ್ಕೆ ಸ್ವರ ಎದುರಾದರೆ ಹಿಂದಿನದು ಬೀಳುತ್ತದೆ, ಲೋಪಸಂಧಿಯೇ ಅನ್ನಿ. ‘ಓದೀ ಎತ್ ಅಮೋ’ ಬಾಯಲ್ಲಿ ‘ಓದೆತಮೋ’ ಆಗಿ 6 ಮಾತ್ರೆಗೆ ಇಳಿಯುತ್ತದೆ.

ಕೆಡುವುದು ಇಲ್ಲೇ. ‘ದ್ವೇಷಿಸುತ್ತೇನೆ, ಪ್ರೀತಿಸುತ್ತೇನೆ’ ಎಂದರೆ 16 ಮಾತ್ರೆ ಖರ್ಚು. ‘ಒಲ್ಲೆ, ಒಲಿವೆ’ ಸರಿಯಾಗಿ 6, ಕಿವಿಗೂ ಚೆಂದ. ಆದರೆ ಒಲ್ಲೆ ಅನ್ನುವುದು ಬರೀ ನಿರಾಕರಣೆ, ಅದರಲ್ಲಿ ಹಗೆಯಿಲ್ಲ. ಹಾಗಾಗಿ ಎರಡು ಮಾತ್ರೆ ಹೆಚ್ಚಾದರೂ ‘ಹೇಸುವೆ’ ಹಿಡಿದೆ:

ಹೇಸುವೆ, ಒಲಿವೆನು. ಏತಕೆ ಮಾಡುವೆ ಎನ್ನುವೆಯೇನೋ.
ಅರಿಯೆನು, ಆಗುತಲಿದೆ, ತಾಗಿದೆ, ಶೂಲದಲಿಹೆ.

‘ಒಲಿವೆನು’ ನಾಲ್ಕೂ ಲಘು, ಲ್ಯಾಟಿನ್ ಒಪ್ಪದು. ನಮ್ಮ ಮಾತ್ರಾಗಣಕ್ಕೆ ಅಡ್ಡಿಯಿಲ್ಲ. ಸ್ವರಗಳನ್ನು ಸಂಧಿ ಮಾಡದೆ ಬಿಡುವ ವಿಸಂಧಿಯನ್ನು ಹಳಬರು ದೋಷವೆನ್ನುತ್ತಿದ್ದರು, ಅಲ್ಪವಿರಾಮದ ಮರೆಯಲ್ಲಿ ಬಿಟ್ಟಿದ್ದೇನೆ.

ಫಕಿಯಮ್ (ಮಾಡುವುದು)-ಫಿಯೆರೀ (ಆಗುವುದು) ಜೋಡಿಯೇ ಪದ್ಯದ ಜೀವ. ಮಾಡುವುದು ಯಾಕೆಂದು ಕೇಳಿದರೆ, ಮಾಡುತ್ತಿಲ್ಲ, ಆಗುತ್ತಿದೆ ಎಂಬ ಉತ್ತರ. ಕನ್ನಡದ ಮಾಡು-ಆಗು ಇದಕ್ಕೆಂದೇ ಇದ್ದಂತಿದೆ. ಇಲ್ಲಿ ಪರ್ಯಾಯ ಹುಡುಕುವುದು ದಡ್ಡತನ.

ಸೆಂತಿಯೊ ಅಂದರೆ ‘ನನಗೆ ಅನುಭವವಾಗುತ್ತಿದೆ’; ಅದಕ್ಕೆ ಮೊದಲು ‘ಬಲ್ಲೆನು’ ಹಾಕಿದ್ದೆ. ‘ಅರಿಯೆನು’ ಅಂದವನು ಅದೇ ಸಾಲಿನಲ್ಲಿ ಬಲ್ಲೆ ಅನ್ನಬಾರದು. ‘ತಾಗಿದೆ’ಯಲ್ಲಿ ‘ನಾನು’ ಕಳೆದುಹೋಯಿತು, ಅದು ನಷ್ಟವೇ.

ಎಕ್ಸ್‌ಕ್ರುಕಿಯೊರ್ ಅಂದರೆ ‘ಯಾತನೆಪಡುತ್ತಿದ್ದೇನೆ’; ಅದರೊಳಗೆ ಕ್ರುಕ್ಸ್ ಇದೆ, ಅಪರಾಧಿಗಳನ್ನು ಏರಿಸುತ್ತಿದ್ದ ಮರ. ‘ಶಿಲುಬೆ’ ಅಂದರೆ ಓದುಗರಿಗೆ ಏಸು ನೆನಪಾಗುತ್ತಾನೆ. ಪದ್ಯ ಅವನಿಗಿಂತ ಹಳೆಯದು. ಅದಕ್ಕೇ ಶೂಲ.