ಡೈಕ್ರೋಯಿಕ್ ಗಾಜಿನ ಟೀಪಾಯಿ: ನಾಲ್ಕನೇ ಟಾಪ್ ನಿಂತ ಬಗೆ

ನೋಡುವ ಕೋನಕ್ಕೆ ತಕ್ಕಂತೆ ಬಣ್ಣ ಬದಲಿಸುವ ಡೈಕ್ರೋಯಿಕ್ ಫಿಲ್ಮನ್ನು ಎರಡು ಗಾಜಿನ ನಡುವೆ ಲ್ಯಾಮಿನೇಟ್ ಮಾಡಿದರೆ ಅಂಚು ಬಿಟ್ಟುಕೊಳ್ಳುತ್ತೆ, ಕೆಳಗಡೆ ಅಂಟಿಸಿ ಮುಗಿಸಿ ಅಂತ ಕೇಳಿದವರೆಲ್ಲ ಹೇಳಿದ್ದರು. ಹಾಗೆ ಅಂಟಿಸಿದ್ದು ಒರೆಸಿ ಒರೆಸಿಯೇ ಗೀರಾಗುತ್ತದೆ. ಲಕ್ಷದ ಮೇಲೆ ಕೊಡುವ ಗಿರಾಕಿಗೆ ಅದು ಆಗದ ಮಾತು. ನನ್ನ ನಾಲ್ಕನೇ ಟಾಪ್ ಎರಡು ಮಳೆಗಾಲ ಕಂಡಿದೆ, ಅಂಚಿನಲ್ಲಿ ಒಂದು ಗುಳ್ಳೆ ಎದ್ದಿಲ್ಲ.

ಮೊದಲ ಮೂರಕ್ಕೆ ಸುಮಾರು 25 ಸಾವಿರ ಹೋಯಿತು, ಹೆಚ್ಚಿನ ಪಾಲು ಫಿಲ್ಮಿಗೇ. ಒಂದನೆಯದಕ್ಕೆ ಟಫನ್ಡ್, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜು ಹಾಕಿದ್ದೆ. ಕುಲುಮೆಯ ರೋಲರ್ ಮೇಲೆ ಅದಕ್ಕೆ ಬಂದ ಅಲೆ ಬರೀ ಗಾಜಿನಲ್ಲಿ ಅಷ್ಟಾಗಿ ಕಾಣದು. ಈ ಫಿಲ್ಮಿಗೆ ಬಣ್ಣವೇ ಕೋನದ್ದು, ಹಾಗಾಗಿ ಟಾಪ್ ತುಂಬ ಪಟ್ಟೆ. ಎರಡನೆಯದರಲ್ಲಿ ಫಿಲ್ಮ್ ಅಂಚಿನವರೆಗೂ ಇತ್ತು, ತೇವ ನುಗ್ಗಿ ಮೂಲೆಯಿಂದ ಸುಲಿಯಿತು. ಮೂರನೆಯದರಲ್ಲಿ ಓವನ್ ಬೇಗ ಏರಿಸಿ ನಡುವೆ ಗಾಳಿ ಸಿಕ್ಕಿಹಾಕಿಕೊಂಡಿತು.

ಈಗಿನ ಲೆಕ್ಕ ಇದು: 600×450 ಎಂ.ಎಂ., 5 ಎಂ.ಎಂ. ದಪ್ಪದ ಎರಡು ಗಾಜು, ಎಕ್ಸ್‌ಟ್ರಾ ಕ್ಲಿಯರ್, ಟಫನ್ ಮಾಡದ್ದು, ಅಂಚು ಮೊದಲೇ ಪಾಲಿಶ್. ಸಾದಾ ಗಾಜಿನ ಹಸಿರು ಇಲ್ಲಿ ಬೇಡ. ಫಿಲ್ಮನ್ನು ನಾಲ್ಕೂ ಕಡೆ 8 ಎಂ.ಎಂ. ಒಳಗೆ ಕತ್ತರಿಸಿ, ಮೇಲೆ ಕೆಳಗೆ 0.38 ಎಂ.ಎಂ.ನ ಇವಿಎ (ಕಾವಿಗೆ ಕರಗಿ ಗಾಜಿಗೆ ಬೆಸೆಯುವ ಪ್ಲಾಸ್ಟಿಕ್ ಹಾಳೆ) ಪೂರ್ತಿ ಅಳತೆಗೆ. ಆ 8 ಎಂ.ಎಂ.ನಲ್ಲಿ ಇವಿಎಗೆ ಇವಿಎ ಬೆಸೆದು ಸೀಲ್ ಆಗುತ್ತದೆ. ಗುಟ್ಟೇನಾದರೂ ಇದ್ದರೆ ಅರ್ಧ ಇದೇ. ವ್ಯಾಕ್ಯೂಮ್ ಬ್ಯಾಗಿನಲ್ಲಿ 70 ಡಿಗ್ರಿ ಹತ್ತಿರ ಮುಕ್ಕಾಲು ಗಂಟೆ, ಗಾಳಿ ಹೊರಟ ಮೇಲೆ 125-130ಕ್ಕೆ ಇನ್ನೊಂದು ಮುಕ್ಕಾಲು ಗಂಟೆ. 50ಕ್ಕಿಂತ ಕೆಳಗೆ ತಣಿಯುವವರೆಗೆ ವ್ಯಾಕ್ಯೂಮ್ ಬಿಡಬೇಡಿ. ಕಾವಿಗೆ ಫಿಲ್ಮ್ ಸುಕ್ಕಾಗದಂತೆ ಹಿಡಿದಿಡುವುದು ಹೇಗೆ ಎಂಬ ಉಳಿದರ್ಧ ನನ್ನಲ್ಲೇ ಇರಲಿ.

ಫ್ರೇಮ್ 12 ಎಂ.ಎಂ. ಹಿತ್ತಾಳೆ ಚೌಕ ರಾಡ್, ಒಳಗೆ 10 ಎಂ.ಎಂ. ತುಟಿ. ಫಿಲ್ಮ್ ಇಲ್ಲದ ಅಂಚು ಅದರಡಿ ಮರೆಯಾಗುತ್ತದೆ. ಟಿಗ್ ವೆಲ್ಡಿಂಗ್ ಬೇಡ: ಹಿತ್ತಾಳೆಯೊಳಗಿನ ಸತು 907 ಡಿಗ್ರಿಗೇ ಕುದಿದು ಜಾಯಿಂಟ್ ತೂತುತೂತು. ಕಡಿಮೆ ಕಾವಿಗೆ ಕರಗುವ ಬೆಳ್ಳಿ ಬೆಸುಗೆ, ಸಿಲ್ವರ್ ಬ್ರೇಜಿಂಗೇ ಸರಿ. ಜಪಾನಿನ ಡಿಸೈನರ್ ಶಿರೋ ಕುರಾಮಾತಾ 1976ರಲ್ಲಿ ಬರೀ ಅಂಟಿನ ಮೇಲೆ ಗಾಜಿನ ಕುರ್ಚಿ ನಿಲ್ಲಿಸಿದ್ದರಲ್ಲ, ಅದನ್ನು ನಂಬಿ ಗಾಜನ್ನು ಫ್ರೇಮಿಗೆ ಕೂರಿಸಲು ನಾನೂ ಯುವಿ ಬೆಳಕಿಗೆ ಗಟ್ಟಿಯಾಗುವ ಅಂಟು ಹಾಕಿದೆ. ಅಲ್ಲಿ ಗಾಜಿಗೆ ಗಾಜು. ಹಿತ್ತಾಳೆ ಕಾವಿಗೆ ಗಾಜಿನ ಎರಡರಷ್ಟು ಹಿಗ್ಗುತ್ತದೆ, ಅಂಟು ಬಿಡಲಿಲ್ಲ, ಗಾಜಿನ ಚಕ್ಕೆಯನ್ನೇ ಕಿತ್ತುಕೊಂಡು ಬಂತು. ಈಗ 2 ಎಂ.ಎಂ. ನ್ಯೂಟ್ರಲ್ ಸಿಲಿಕೋನ್ ಹಾಸು. ವಿನಿಗರ್ ವಾಸನೆಯದು ಅಗ್ಗ, ಆದರೆ ಹಿತ್ತಾಳೆಗೆ ಹಸಿರು ಹಿಡಿಸುತ್ತದೆ, ಇವಿಎ ಅಂಚಿಗೂ ಒಳ್ಳೆಯದಲ್ಲ.

ಬೆಳಕಿಗೆ ಮೊದಲು ತುಟಿಯೊಳಗೆ ಎಲ್‌ಇಡಿ ಸ್ಟ್ರಿಪ್ ಕೂರಿಸಿದ್ದೆ. ದುಡ್ಡು ದಂಡ. ಬೆಳಕು ಹತ್ತು ಕೋನದಿಂದ ಬಂದು ಬಣ್ಣಗಳು ಕಲಸಿಹೋದವು. ಮೇಲಿನಿಂದ ಒಂದೇ ಕಿರಿದಾದ ಸ್ಪಾಟ್ ಬಿಟ್ಟಾಗ ನೆಲದ ಮೇಲೆ ಬಣ್ಣದ ಚೌಕ ಗೆರೆ ಹೊಡೆದಂತೆ ಬಿತ್ತು. 2700 ಕೆಲ್ವಿನ್ ಬಲ್ಬಿನಲ್ಲಿ ನೀಲಿಯೇ ಕಮ್ಮಿ, 4000 ತೆಗೆದುಕೊಳ್ಳಿ. ಸುಮ್ಮನೆ ಒಂದು ದಿನ ಅಡಿಯಲ್ಲಿ ಕಪ್ಪು ಗ್ರಾನೈಟ್ ತುಂಡು ಇಟ್ಟು ನೋಡಿದೆ: ನೆಲಕ್ಕೆ ಬಣ್ಣ ಇಲ್ಲ, ಟಾಪ್ ಮಾತ್ರ ನವಿಲಿನ ಕತ್ತು. ಐದನೆಯದನ್ನು ಹಾಗೇ ಮಾಡುತ್ತಿದ್ದೇನೆ.