ಎರಿ ಹೊಲ್ದಾಗ ಚೌಕು ಮಡಿ ಮಾಡಿದ್ದು: ನನ್ನ ಅನುಭವ

ನಮ್ದು ಕೊಪ್ಪಳ ಜಿಲ್ಲಾ ಯಲಬುರ್ಗಾ ಕಡೆ, 4 ಎಕರೆ ಎರಿ (ಕರಿ ಮಣ್ಣು), 2 ಎಕರೆ ಮಸಾರಿ (ಕೆಂಪು ಮಣ್ಣು). ಬೋರ್ ಎರಡು ಸಲ ಹಾಕ್ಸಿದ್ವಿ, ಎರಡೂ ಫೇಲ್. ಹಿಂಗಾರಿ ಬಿಳಿಜೋಳ, ಕಡ್ಲಿ ಮ್ಯಾಲ ನಮ್ಮ ಬಾಳೇವು. ಮಳಿ ಕಡಿಮಿ ಅಂತಾರಲ್ಲ, ಅದು ಅರ್ಧ ಖರೆ, ಬಂದ್ರ ತಾಸಿನ್ಯಾಗ ಜಡದು ಹೋಗ್ತೈತಿ, ನೀರಿನ ಜೋಡಿ ಮ್ಯಾಲಿನ ಮಣ್ಣೂ ಹಳ್ಳ ಸೇರ್ತೈತಿ.

ಮೊದ್ಲು ನಾ ಮಾಡಿದ ತಪ್ಪು ಹೇಳ್ತೀನಿ. ಜೆಸಿಬಿ ತರ್ಸಿ ಹೊಲದ ನಡುವ ಎದಿಮಟ ಒಡ್ಡು ಹಾಕ್ಸಿದೆ, ಹೆಚ್ಚಾದ ನೀರು ಹೋಗಾಕ ಕೋಡಿನೂ ಬಿಡ್ಲಿಲ್ಲ. ಎರಿ ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರಿತೈತಿ, ಒಡ್ಡೂ ಅದ ಮಣ್ಣಿಂದು, ಅದೂ ಬಿರೀತು, ಹುಬ್ಬಿ ಮಳ್ಯಾಗ ನೀರು ಬಿರುಕಿನ್ಯಾಗ ಹೊಕ್ಕು ಒಡ್ಡು ಕಿತ್ಕೊಂಡು ಹೋಗಿ ಕೆಳಗಿನ ಹೊಲ್ದಾಗ ಆಳೆತ್ತರ ಕೊರಕಲು ಬಿತ್ತು. ಅದು ನಮ್ಮ ದೊಡ್ಡಪ್ಪನ ಹೊಲ. ಒಂದು ವರ್ಷ ಮಾತು ಬಿಟ್ಟಿದ್ದ.

ಬಳ್ಳಾರ್‍ಯಾಗ 1954ರಾಗ ಶುರುವಾದ ಮಣ್ಣು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಐತಲ್ಲ, ಅಲ್ಲಿ ಎರಿ ಹೊಲಕ್ಕ ಹೇಳೋದು ಚೌಕು ಮಡಿ, ಅಂದ್ರ ಉದ್ದಕ್ಕ ಅಡ್ಡಕ್ಕ ಸಣ್ಣ ಬದು ಎಳದು ಹೊಲಾನ ಚೌಕು ಚೌಕು ಮಾಡೋದು. ನೀರು ಒಂದ ಕಡೆ ಕೂಡಾಕ ಬಿಡಬಾರ್ದು, ಬಿದ್ದಲ್ಲೇ ಹಿಡೀಬೇಕು. ಆಷಾಢದಾಗ ಹೊಲ ಹರಗಿ, ಟ್ರ್ಯಾಕ್ಟರ್ ಹಿಂದ ಬಂಡ್ ಫಾರ್ಮರ್ (ಬದು ಎಳೆಯೋ ಸಲಕರಣಿ) ಹಚ್ಚಿ 15 ಅಡಿಗೊಂದು ಬದು ಎಳದೆ, ಅರ್ಧ ಅಡಿ ಎತ್ತರ, ಆಮ್ಯಾಲ ಅಡ್ಡ ಎಳದೆ. ಇಲ್ಲೇ ಎಡವಟ್ಟು ಆಗೋದು ನೋಡ್ರಿ, ಅಡ್ಡ ಹೋಗುವಾಗ ಮೊದ್ಲಿನ ಬದು ಕೂಡೋ ಮೂಲ್ಯಾಗ ಒಡೀತೈತಿ, ಸಲಿಕಿ ಹಿಡ್ಕೊಂಡು ಒಂದೊಂದೂ ಮುಚ್ಚಬೇಕು. ನಾನೂ ನನ್ನ ಹೆಂಡ್ತಿ ಮೂರು ದಿವ್ಸ ಅದನ್ನ ಮಾಡಿದ್ವಿ, ಬಿಟ್ರ ಎಲ್ಲಾ ಹಾಳು. ನಮ್ಮಪ್ಪ ಬದುವಿನ ಮ್ಯಾಲ ನಿಂತು "ಏನಲೇ, ಚೌಕಾಬಾರ ಆಡಾಕ ಮನಿ ಬರದೀಯೇನು" ಅಂದ.

ಮುಂಗಾರಿಗೆ ಹೆಸರುಕಾಳು ಬಿತ್ಲಿಲ್ಲ ಅಂತ ಅಪ್ಪಗ ಸಿಟ್ಟು. ಆ ರೊಕ್ಕ ಹೋತು ಖರೆ, ಸುಳ್ಳು ಯಾಕ ಹೇಳ್ಲಿ. ಮಡ್ಯಾಗ ಕಸನೂ ಭಾಳ ಬೆಳೀತು. ಉತ್ತರಿ ಮಳಿ ಮುಗಿಯೋ ಹೊತ್ತಿಗೆ ಕುಂಟಿ ಹೊಡ್ದು ಬದು ಸವರಿ, ಮಾಲ್ದಂಡಿ ಜೋಳ ಬಿತ್ತಿದೆ. ಚಿತ್ತಿ ಮಳಿ ಕೈ ಕೊಡ್ತು. ದೀಪಾವಳಿ ಮುಂದ ಗುದ್ದಲಿ ತಗೊಂಡು ಅಗದು ನೋಡಿದ್ರ ನಮ್ಮ ಹೊಲ್ದಾಗ ಮೊಳದ ಆಳದ ಮಣ್ಣು ಇನ್ನಾ ಉಂಡಿ ಕಟ್ತಿತ್ತು, ಬಾಜೂ ಹೊಲ್ದಾಗ ಅಷ್ಟ ಆಳದಾಗ ಹೆಂಟಿ. ಬೆಳಿ ಸಾಲಿನ್ಯಾಗ ಮೂರು ಸಲ ಎಡಿ ಹೊಡದೆ, ಬರೇ ಕಸಕ್ಕಲ್ಲ, ಬಿರುಕು ಮುಚ್ಚಾಕ, ಬಿರುಕಿನ್ಯಾಗಿಂದ ಹಸಿ ಹಾರಿ ಹೋಗ್ತೈತಿ.

ಎಕರೆಕ್ಕ 3 ಚೀಲ ಬರೋ ಹೊಲ್ದಾಗ 5 ಬಂತು, ಅದಕ್ಕಿಂತ ಕಣಿಕಿ (ದನಕ್ಕ ಹಾಕೋ ಜೋಳದ ದಂಟು) ಚಲೋ ಆತು, ಆ ವರ್ಷ ಎತ್ತು ಮಾರೋದು ತಪ್ತು. ಮಸಾರಿಗೆ ಇದನ್ನ ಮಾಡಿಲ್ಲ, ಅಲ್ಲಿ ಸಜ್ಜಿ ತೊಗರಿ ಇಳಿಜಾರಿಗೆ ಅಡ್ಡ ಬಿತ್ತಿ ನಡುನಡುವ ಹರಿ (ಆಳದ ಸಾಲು) ಬಿಡ್ತೀನಿ, ಅಷ್ಟ. ದೊಡ್ಡಪ್ಪ ಈ ಆಷಾಢಕ್ಕ ಬಂಡ್ ಫಾರ್ಮರ್ ಯಾರ ಕಡೆ ಸಿಗ್ತೈತಿ ಅಂತ ಕೇಳ್ಯಾನ.