ಮಕ್ಕಳ ತಪ್ಪುತ್ತರಗಳೇ ಪಾಠೋಪಕರಣ: ಊಟದ ನಂತರದ ಗಣಿತ ತರಗತಿಯಲ್ಲಿ ನನ್ನ ಅನುಭವ

ಹತ್ತನೆಯ ತರಗತಿಯ ಮಕ್ಕಳು ಬರೆದ ತಪ್ಪು ಉತ್ತರಗಳನ್ನು ಸಂಗ್ರಹಿಸಿ, ಅವುಗಳಿಂದಲೇ ಬಿಸಿಯೂಟದ ನಂತರದ ಗಣಿತ ಅವಧಿಯನ್ನು ನಡೆಸುತ್ತೇನೆಂದು ನಾನು ಹೇಳಿದಾಗ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಒಬ್ಬರೂ ಒಪ್ಪಲಿಲ್ಲ. "ಸರಿ ಉತ್ತರಾನ ತಲಿಗೆ ಹತ್ತವಲ್ದು, ನೀವು ತಪ್ಪು ಉತ್ತರ ಬರದ ತೋರಸಿದ್ರ ಅದನ್ನ ಬಾಯಿಪಾಠ ಮಾಡತಾವ್ರಿ ಸರ" ಎಂದು ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು. ಮುಖ್ಯ ಶಿಕ್ಷಕರ ಆತಂಕ ಬೇರೆಯದಾಗಿತ್ತು. ಪಾಠಗಳನ್ನು ಡಿಸೆಂಬರ್ ಒಳಗೆ ಮುಗಿಸಬೇಕಾದಲ್ಲಿ ಒಂದೇ ಲೆಕ್ಕದ ಮೇಲೆ ಇಡೀ ಅವಧಿಯನ್ನು ಕಳೆಯುವುದನ್ನು ಅವರು ಒಪ್ಪುವಂತಿರಲಿಲ್ಲ. ಈಗ ಮೂರು ತಂಡಗಳು ಇದೇ ಕ್ರಮದಲ್ಲಿ ಕಲಿತು ಪರೀಕ್ಷೆ ಬರೆದು ಹೋಗಿವೆ, ಫಲಿತಾಂಶ ಎಲ್ಲರ ಕಣ್ಣ ಮುಂದಿದೆ; ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕ. ಹತ್ತನೆಯ ತರಗತಿಯಲ್ಲಿ ಪ್ರತಿ ವರ್ಷ ಐವತ್ತರ ಆಸುಪಾಸಿನಲ್ಲಿ ಮಕ್ಕಳಿರುತ್ತಾರೆ. ಎಂಟು ಮತ್ತು ಒಂಬತ್ತನೆಯ ತರಗತಿಗಳೂ ಸೇರಿ ದಿನಕ್ಕೆ ಐದು ಅವಧಿಗಳ ಬೋಧನೆ, ಅದರ ಮೇಲೆ ಮಕ್ಕಳ ವಿವರ ದಾಖಲಿಸುವ ಸ್ಯಾಟ್ಸ್ ತಂತ್ರಾಂಶದ ನಮೂದು, ಎಫ್‌ಎ ಮತ್ತು ಎಸ್‌ಎ (ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನ) ಅಂಕಗಳ ಪಟ್ಟಿ, ಹಾಲಿನ ಪುಡಿ ಮತ್ತು ಮೊಟ್ಟೆಯ ಲೆಕ್ಕ ಎಂಬುದೆಲ್ಲ ಈ ವೃತ್ತಿಯಲ್ಲಿರುವವರಿಗೆ ನಾನು ಹೇಳಬೇಕಾದುದಲ್ಲ. ಅನ್ನ ಸಾಂಬಾರು ಉಂಡು ಬಂದ ಮಕ್ಕಳ ಮುಂದೆ ಎರಡು ಗಂಟೆಯ ಬಿಸಿಲಿನಲ್ಲಿ ವರ್ಗಸಮೀಕರಣವನ್ನು ಬಿಡಿಸುತ್ತಾ ನಿಂತರೆ ಹಿಂದಿನ ಮೂರು ಸಾಲುಗಳು ತೂಗಡಿಸುತ್ತವೆ, ಮುಂದಿನ ಸಾಲು "ಹೂಂ ಸರ" ಎನ್ನುತ್ತದೆ, ಶಿಕ್ಷಕನ ಧ್ವನಿ ಮಾತ್ರ ಏರುತ್ತಾ ಹೋಗುತ್ತದೆ. ಹಾಗೆ ಏರಿಸಿದ್ದರ ಫಲವಾಗಿ ಗಂಟಲಿನ ವೈದ್ಯರಿಗೂ ಔಷಧಿಗೂ ಒಂದು ಕಾಲದಲ್ಲಿ ನಾನು ವರ್ಷಕ್ಕೆ ಎರಡೂವರೆ ಮೂರು ಸಾವಿರ ರೂಪಾಯಿ ಕೊಡುತ್ತಿದ್ದೆ.

ಈ ಕ್ರಮಕ್ಕೆ ಬರುವ ಮೊದಲು ನಾನು ಮಾಡದ ಪ್ರಯತ್ನಗಳಿಲ್ಲ, ಅವುಗಳಲ್ಲಿ ಹೆಚ್ಚಿನವು ಹಣವನ್ನು ನುಂಗಿದವು. ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಸ್ಪೀಕರು ಮತ್ತು ಮೈಕನ್ನು ಸುಮಾರು 1,700 ರೂಪಾಯಿ ಕೊಟ್ಟು ತಂದೆ. ಗಂಟಲಿಗೆ ವಿಶ್ರಾಂತಿ ಸಿಕ್ಕಿತು, ಆದರೆ ಪಕ್ಕದ ಕೊಠಡಿಯ ಹಿಂದಿ ಪಾಠದ ನಡುವೆ ನನ್ನ ತ್ರಿಕೋನಮಿತಿ ಕೇಳಿಸತೊಡಗಿದ್ದರಿಂದ ಅದು ಕಪಾಟು ಸೇರಿತು. ಎಲ್ಲರೂ ಮಾಡುವ ಪಾಸಿಂಗ್ ಪ್ಯಾಕೇಜನ್ನೂ, ಅಂದರೆ ಉತ್ತೀರ್ಣರಾಗಲು ಸಾಕಾಗುವಷ್ಟು ಆಯ್ದ ಪ್ರಶ್ನೋತ್ತರಗಳ ಸಂಗ್ರಹವನ್ನೂ ಮಾಡಿದೆ. ಇಪ್ಪತ್ತು ಪುಟಗಳನ್ನು ಪುಟಕ್ಕೆ ಎರಡು ರೂಪಾಯಿಯಂತೆ ಜೆರಾಕ್ಸ್ ಮಾಡಿಸಿದಾಗ ಎರಡು ಸಾವಿರ ರೂಪಾಯಿ ಹೋಯಿತು, ಅದೇ ವಾರದಲ್ಲಿ ಕೆಲವು ಪುಟಗಳು ಶಾಲೆಯ ಎದುರಿನ ಅಂಗಡಿಯಲ್ಲಿ ಚುರುಮುರಿಯ ಪೊಟ್ಟಣವಾಗಿ ನನ್ನ ಕೈಗೇ ಬಂದವು. ಸರಿ ಉತ್ತರಕ್ಕೆ ಪೆನ್ನಿನ ಬಹುಮಾನ ಇಟ್ಟಾಗ ತಿಂಗಳಿಗೆ ಐದಾರು ನೂರು ಖರ್ಚಾಗುತ್ತಿತ್ತು, ಬಹುಮಾನ ಪಡೆಯುತ್ತಿದ್ದವರು ಮಾತ್ರ ಅದೇ ಏಳೆಂಟು ಮಂದಿ. ಓದಿನ ಹೊಣೆ ಹೊತ್ತು ನಾನು 'ದತ್ತು' ತೆಗೆದುಕೊಂಡ ಮಕ್ಕಳಿಗೆ ಬೆಳಗಿನ ಐದು ಗಂಟೆಗೆ ಫೋನ್ ಮಾಡಿ ಎಬ್ಬಿಸುವುದನ್ನು ಎರಡು ಚಳಿಗಾಲ ನಡೆಸಿದೆ. "ಎದ್ದಾನ್ರಿ ಸರ, ಆಗಲೇ ಓದಾಕತ್ತಾನ" ಎಂದು ತಂದೆ ಗೌರವದಿಂದ ಹೇಳುತ್ತಿರುವಾಗಲೇ ಪಕ್ಕದಲ್ಲಿ ಮಗನ ಗೊರಕೆ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಮೌಲ್ಯಮಾಪನದ ಕಟ್ಟುಗಳನ್ನು ಬಿಚ್ಚಿ ಕುಳಿತಾಗ ನಾವೆಲ್ಲರೂ ಒಬ್ಬರಿಗೊಬ್ಬರು ಓದಿ ಹೇಳಿ ನಗುವ ಉತ್ತರಗಳಿರುತ್ತವೆ. ಪ್ರಮೇಯವನ್ನು ಸಾಧಿಸಲು ಕೇಳಿದರೆ "ದತ್ತ: ಪ್ರಶ್ನೆಯಲ್ಲಿ ಕೊಟ್ಟಿದ್ದಾರೆ. ಸಾಧನೀಯ: ಸಾಧಿಸಬೇಕು. ಸಾಧನೆ: ಮೇಲಿನಂತೆ ಸಾಧಿಸಲಾಗಿದೆ" ಎಂದು ಚೊಕ್ಕ ಅಕ್ಷರಗಳಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದ ಹುಡುಗನಿದ್ದ. ತಂದೆಗೆ 6 ವರ್ಷ, ಮಗನಿಗೆ 38 ವರ್ಷ ಬಂದಿರುತ್ತದೆ. ಗೋಪುರದ ಎತ್ತರ ಮುಕ್ಕಾಲು ಮೀಟರ್ ಬಂದಿರುತ್ತದೆ, ಕೇಳಿದರೆ "ಸಣ್ಣ ಗುಡಿ ಇರಬೇಕ್ರಿ ಸರ" ಎಂಬ ಸಮಾಧಾನ ಸಿದ್ಧವಿರುತ್ತದೆ. ಸಂಭವನೀಯತೆ 7/4 ಎಂದು ಬರೆದ ಹುಡುಗಿಯನ್ನು ಹತ್ತಿರ ಕರೆದು ಇದರ ಅರ್ಥವೇನೆಂದು ವಿಚಾರಿಸಿದಾಗ, "ಗ್ಯಾರಂಟಿಗಿಂತ ಹೆಚ್ಚು ಗ್ಯಾರಂಟಿ ಅಂತ್ರಿ ಸರ" ಎಂದಳು. ಆ ಉತ್ತರವನ್ನು ಕೇಳಿ ನಗುತ್ತಿರುವಾಗಲೇ ನನಗೆ ಹೊಳೆದದ್ದು, ಒಂದು ಎಂಬುದೇ ಖಚಿತತೆಯ ಮೇಲಿನ ಮಿತಿ ಎಂಬ ವಿಷಯವನ್ನು ಇದಕ್ಕಿಂತ ಚೆನ್ನಾಗಿ ಚರ್ಚೆಗೆ ತರುವ ಉದಾಹರಣೆ ಪಠ್ಯಪುಸ್ತಕದಲ್ಲಿಲ್ಲ ಎಂಬುದು. ಅಂದಿನಿಂದ ಒಂದು ದಪ್ಪ ರಿಜಿಸ್ಟರಿನಲ್ಲಿ ಅಧ್ಯಾಯವಾರು ತಪ್ಪುಗಳನ್ನು ಬರೆದಿಡತೊಡಗಿದೆ. ಈಗ ಅದರಲ್ಲಿ ಆರು ನೂರಕ್ಕೂ ಮಿಕ್ಕಿದ ನಮೂದುಗಳಿರಬಹುದು.

ಕ್ರಮ ಹೀಗಿದೆ. ಹಳೆಯ ಕ್ಯಾಲೆಂಡರುಗಳ ದೊಡ್ಡ ಹಾಳೆಗಳ ಹಿಂಬದಿಯಲ್ಲಿ ಒಂದು ತಪ್ಪು ಉತ್ತರವನ್ನು ಸಾಲು ಸಾಲಾಗಿ, ಸಾಲಿಗೊಂದು ಸಂಖ್ಯೆ ಕೊಟ್ಟು, ಸ್ಕೆಚ್ ಪೆನ್ನಿನಿಂದ ನಾನೇ ಬರೆಯುತ್ತೇನೆ. ಊಟದ ನಂತರ ಮಕ್ಕಳು ಒಳಗೆ ಬರುವಷ್ಟರಲ್ಲಿ ಹಾಳೆ ಗೋಡೆಯ ಮೇಲಿರುತ್ತದೆ. ನಾಲ್ಕೈದು ಮಂದಿಯ ಗುಂಪುಗಳು ಅದನ್ನು ಓದಿ, ಲೆಕ್ಕ ಯಾವ ಸಾಲಿನಲ್ಲಿ ದಾರಿ ತಪ್ಪಿತು ಎಂಬುದನ್ನು ಮಾತ್ರ ಹೇಳಬೇಕು. ಸಾಲನ್ನು ಗುರುತಿಸುವವರೆಗೆ ಸರಿ ಉತ್ತರವನ್ನು ಯಾರೂ ಉಚ್ಚರಿಸಬಾರದೆಂಬ ನಿಯಮವನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ, ಏಕೆಂದರೆ ಸರಿ ಉತ್ತರ ಹೊರಬಿದ್ದ ಕ್ಷಣಕ್ಕೆ ಹಿಂದಿನ ಬೆಂಚುಗಳು ಯೋಚನೆಯನ್ನು ನಿಲ್ಲಿಸಿ ನಕಲು ಮಾಡತೊಡಗುತ್ತವೆ. ಸಾಲು ಸಿಕ್ಕ ಮೇಲೆ ಆ ಉತ್ತರಕ್ಕೆ ಎಷ್ಟು ಅಂಕ ಕೊಡಬೇಕೆಂದು ಮಕ್ಕಳೇ ತೀರ್ಮಾನಿಸಬೇಕು. ಕೊನೆಯ ಹನ್ನೆರಡು ನಿಮಿಷಗಳಲ್ಲಿ ಅದೇ ಬಗೆಯ ಇನ್ನೊಂದು ಲೆಕ್ಕವನ್ನು ಪ್ರತಿಯೊಬ್ಬರೂ ತಮ್ಮ ನೋಟ್‌ಬುಕ್ಕಿನಲ್ಲಿ ಬಿಡಿಸುತ್ತಾರೆ. ನಲವತ್ತು ನಿಮಿಷಗಳ ಅವಧಿಯಲ್ಲಿ ನಾನು ಮಾತನಾಡುವುದು ಹೆಚ್ಚೆಂದರೆ ಏಳೆಂಟು ನಿಮಿಷ.

ಈ ಅಂಕ ಕೊಡುವ ಹಂತದಲ್ಲಿಯೇ ಈ ಕ್ರಮದ ನಿಜವಾದ ಬಲವಿದೆ. ನಮ್ಮ ಮಕ್ಕಳು ಮೌಲ್ಯಮಾಪಕರಾದರೆ ಎಷ್ಟು ಜಿಪುಣರಾಗುತ್ತಾರೆಂಬುದನ್ನು ನೋಡಿಯೇ ತಿಳಿಯಬೇಕು. "ಇವಗ ಸೊನ್ನಿ ಹಾಕ್ರಿ ಸರ" ಎಂದು ಮೊದಲು ಕೂಗುವವನು ಸ್ವತಃ ಸೊನ್ನೆಗಳ ಒಡೆಯನಾಗಿರುತ್ತಾನೆ. ಆಗ ನಾನು ಪರೀಕ್ಷಾ ಮಂಡಳಿಯ ಮಾದರಿ ಉತ್ತರಗಳಲ್ಲಿರುವ ಹಂತವಾರು ಅಂಕಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ: ಸೂತ್ರಕ್ಕೆ ಅರ್ಧ, ಬೆಲೆಗಳನ್ನು ಆದೇಶಿಸಿದ್ದಕ್ಕೆ ಅರ್ಧ, ಹೀಗೆ. ಕೊನೆಯ ಉತ್ತರ ಪೂರ್ತಿ ತಪ್ಪಾಗಿದ್ದರೂ ಮೂರರಲ್ಲಿ ಒಂದೂವರೆ ಅಂಕ ಬರುತ್ತದೆಂಬುದನ್ನು ಮಗು ತಾನೇ ಕೂಡಿಸಿ ಕಂಡುಕೊಂಡ ದಿನದಿಂದ ಅದು ಉತ್ತರ ಪತ್ರಿಕೆಯಲ್ಲಿ ಜಾಗ ಖಾಲಿ ಬಿಡುವುದನ್ನು ನಿಲ್ಲಿಸುತ್ತದೆ. 38 ಪ್ರಶ್ನೆಗಳ, 80 ಅಂಕಗಳ ಪತ್ರಿಕೆಯಲ್ಲಿ ಉತ್ತೀರ್ಣವಾಗುವಷ್ಟು ಅಂಕ ಗಳಿಸಬೇಕಾದ ಮಗುವಿಗೆ ಈ ಅರ್ಧ ಅರ್ಧ ಅಂಕಗಳ ಬೆಲೆ ಏನೆಂಬುದು ಗಣಿತ ಶಿಕ್ಷಕರಿಗೆ ಚೆನ್ನಾಗಿ ಗೊತ್ತು. ಹಿಂದೆ ನಾನು ಇದನ್ನೇ ಗಂಟಲು ಹರಿಯುವಂತೆ ಹೇಳುತ್ತಿದ್ದೆ, ಯಾರೂ ನಂಬಿರಲಿಲ್ಲ. ತಾವೇ ಕೆಂಪು ಪೆನ್ನು ಹಿಡಿದ ಮೇಲೆ ನಂಬಿದರು.

ಪುಸ್ತಕದಲ್ಲಿರುವ 360 ಕಿಲೋಮೀಟರಿನ ರೈಲಿನ ಲೆಕ್ಕವನ್ನು ತೆಗೆದುಕೊಳ್ಳಿ. ಜವ ಗಂಟೆಗೆ 5 ಕಿಲೋಮೀಟರ್ ಹೆಚ್ಚಾಗಿದ್ದರೆ ಪ್ರಯಾಣಕ್ಕೆ ಒಂದು ಗಂಟೆ ಕಡಿಮೆ ಸಾಕಾಗುತ್ತಿತ್ತು ಎಂಬ ಆ ಲೆಕ್ಕದಲ್ಲಿ 40 ಮತ್ತು -45 ಎಂಬ ಎರಡು ಮೂಲಗಳು ಬರುತ್ತವೆ. ಒಬ್ಬ ಹುಡುಗ ಎಲ್ಲ ಹಂತಗಳನ್ನೂ ತಪ್ಪಿಲ್ಲದೆ ಮಾಡಿ, ಕೊನೆಯಲ್ಲಿ -45 ಅನ್ನು ಆರಿಸಿದ್ದ. ವಿಚಾರಿಸಿದಾಗ "ಅದರಾಗ ದೊಡ್ಡ ಸಂಖ್ಯೆ ಅದ ಐತ್ರಿ ಸರ, ರೈಲು ಜೋರ ಹೋಗತೈತಲ್ರಿ" ಎಂದಿದ್ದ. ಈ ಹಾಳೆಯನ್ನು ತೂಗುಹಾಕಿದ ದಿನ ಇಡೀ ತರಗತಿ ನಕ್ಕು ನಕ್ಕು ಎಚ್ಚರವಾಯಿತು, ಒಂದು ಗುಂಪು ರೈಲು ಹಿಂದಕ್ಕೆ ಹೊರಟಿದೆಯೆಂದು ವಾದಿಸಿತು, ಇನ್ನೊಂದು ಗುಂಪು ಹಿಂದಕ್ಕೆ ಹೊರಟರೆ ಅದೇ ಊರನ್ನು ತಲುಪುವುದು ಹೇಗೆಂದು ಕೇಳಿತು. ಋಣ ಮೂಲವನ್ನು ಏಕೆ ತಿರಸ್ಕರಿಸುತ್ತೇವೆಂಬುದನ್ನು ಆ ತಂಡದವರು ಪರೀಕ್ಷೆಯಲ್ಲಿ ಕಾರಣ ಸಹಿತ ಬರೆದರು. ಅದು ನನಗೆ ಹೆಮ್ಮೆಯ ವಿಷಯ.

ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. ಮಕ್ಕಳ ಮೂಲ ಉತ್ತರ ಪತ್ರಿಕೆಯನ್ನೇ ತೋರಿಸಿದರೆ ಅಕ್ಷರದ ಗುರುತು ಸಿಕ್ಕಿ ನಗು ಲೆಕ್ಕದ ಮೇಲಿನಿಂದ ಮಗುವಿನ ಮೇಲೆ ಹೋಗುತ್ತದೆ, ಆದ್ದರಿಂದ ಪ್ರತಿಯೊಂದನ್ನೂ ನನ್ನ ಕೈಬರಹದಲ್ಲಿಯೇ ಬರೆಯುತ್ತೇನೆ, ಹಳೆಯ ತಂಡಗಳ ತಪ್ಪುಗಳನ್ನು ಬೆರೆಸುತ್ತೇನೆ, ಹೆಸರನ್ನು ಎಂದೂ ಹೇಳುವುದಿಲ್ಲ. ಒಂದು ಅವಧಿಯಲ್ಲಿ ಮೂರು ನಾಲ್ಕು ತಪ್ಪುಗಳನ್ನಿಟ್ಟರೆ ಗೊಂದಲವಾಗುತ್ತದೆ, ಒಂದೇ ಸಾಕು. ರಚನೆಗಳಿಗೆ ಮತ್ತು ನಕ್ಷೆಗಳಿಗೆ ಈ ಕ್ರಮ ಬಹುಮಟ್ಟಿಗೆ ನಿಷ್ಪ್ರಯೋಜಕ. ಸ್ಪರ್ಶಕ ಎಳೆಯುವುದು ಕೈಗೆ ಬರುವುದು ಕೈವಾರ ಹಿಡಿದು ಎಳೆದಾಗಲೇ, ಅದಕ್ಕೆ ಚರ್ಚೆಯಿಂದ ಉಪಯೋಗವಿಲ್ಲ. ಹಾಗೆಯೇ ತರಗತಿಯನ್ನು ಹೊಂಗೆ ಮರದ ಕೆಳಗೆ ನಡೆಸಿ ನೋಡಿದೆ. ಗಾಳಿ ಚೆನ್ನಾಗಿತ್ತು, ಆದರೆ ರಸ್ತೆಯಲ್ಲಿ ಹೋಗುವ ಪ್ರತಿ ಟ್ರ್ಯಾಕ್ಟರಿನ ಮಾಲೀಕರು ಯಾರೆಂಬುದು ತಪ್ಪಿನ ಸಾಲಿಗಿಂತ ಮುಖ್ಯವಾಯಿತು.

ಬೇರೊಂದು ಪ್ರಯೋಗ ಮಾತ್ರ ನಿರೀಕ್ಷೆಗಿಂತ ಚೆನ್ನಾಗಿ ಫಲಿಸಿತು. ಕಲಿಕೆಯಲ್ಲಿ ಮುಂದಿರುವ ಮಕ್ಕಳು ಬೇಗ ತಪ್ಪನ್ನು ಹಿಡಿದು ಸುಮ್ಮನೆ ಕೂರುತ್ತಿದ್ದುದರಿಂದ, ಯಾರಿಗೂ ಸುಲಭವಾಗಿ ಸಿಗದ ತಪ್ಪೊಂದನ್ನು ತಯಾರಿಸಿ ತರುವಂತೆ ಅವರಿಗೆ ಹೇಳಿದೆ. ನಂಬುವಂತಹ ತಪ್ಪನ್ನು ಕಟ್ಟಬೇಕಾದರೆ ಸರಿಯಾದ ದಾರಿ ಪೂರ್ತಿ ಗೊತ್ತಿರಬೇಕು. ಸೈನ್ 60 ಡಿಗ್ರಿ ಎಂದರೆ ಸೈನ್ 30 ಡಿಗ್ರಿಯ ಎರಡರಷ್ಟು ಎಂಬ ಒಂದು ಸಾಲನ್ನು ನಡುವೆ ಅಡಗಿಸಿ ಒಬ್ಬ ಹುಡುಗಿ ತಂದ ಲೆಕ್ಕ ಇಡೀ ತರಗತಿಯನ್ನು ಹದಿನೈದು ನಿಮಿಷ ಕಾಡಿತು. ಅವಳು ಆ ವರ್ಷ ತೊಂಬತ್ತರ ಮೇಲೆ ಅಂಕ ಗಳಿಸಿದಳು.

ನಮ್ಮ ಭಾಗದಲ್ಲಿ ಜನವರಿಯಿಂದ ಮೆಣಸಿನಕಾಯಿ ಬಿಡಿಸುವ ಕೆಲಸ ಶುರುವಾದರೆ ಕೆಲವು ಮಕ್ಕಳು ವಾರಗಟ್ಟಲೆ ಬರುವುದಿಲ್ಲ, ಬಂದಾಗ ಖಾರದ ಕೈಯಿಂದ ಕಣ್ಣುಜ್ಜಿಕೊಂಡು ಕೂರುತ್ತಾರೆ. ಅವರಿಗಾಗಿ ತರಗತಿಯ ಹಿಂಬದಿಯಲ್ಲಿ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ಪುಗಳಿಂದ ಹಿಂದಿನ ಹಾಳೆಗಳನ್ನೆಲ್ಲ ತೂಗುಹಾಕಿರುತ್ತೇನೆ. ತಪ್ಪಿಸಿಕೊಂಡ ಪಾಠವನ್ನು ಅವರು ಗೆಳೆಯರಿಂದ ಅಲ್ಲಿಯೇ ಕೇಳಿ ತಿಳಿಯುತ್ತಾರೆ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದುವರಿದು, ನಾವು ಮನೆ ಮನೆ ತಿರುಗಿ ದಣಿದು ಮರಳಿದಾಗಲೂ ಈ ಹಗ್ಗವೇ ನಮ್ಮನ್ನು ಬೇಗ ದಾರಿಗೆ ತಂದಿತು.

ಫಲಿತಾಂಶದ ಮಾತಿಗೆ ಬರುತ್ತೇನೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿದದ್ದು ಎಲ್ಲರಿಗೂ ನೆನಪಿದೆ. ಅದೇ ವರ್ಷ ನಮ್ಮ ಶಾಲೆಯಲ್ಲಿ ಗಣಿತದಲ್ಲಿ ಅನುತ್ತೀರ್ಣರಾಗುವವರ ಸಂಖ್ಯೆ ಹದಿನಾಲ್ಕು ಹದಿನೈದರಿಂದ ಆರೇಳಕ್ಕೆ ಇಳಿಯಿತು, ಮರುವರ್ಷ ಮೂರೋ ನಾಲ್ಕೋ ಮಂದಿ ಉಳಿದರು, ಅವರಲ್ಲಿಯೂ ಇಬ್ಬರು ಎರಡನೆಯ ಪರೀಕ್ಷೆಯಲ್ಲಿ ದಾಟಿದರು. ಮಕ್ಕಳು ತಪ್ಪನ್ನೇ ಬಾಯಿಪಾಠ ಮಾಡುತ್ತಾರೆಂದಿದ್ದ ಹಿರಿಯರು ಈಗ ವಿಜ್ಞಾನದಲ್ಲಿ ಸಮೀಕರಣ ಸರಿದೂಗಿಸುವುದಕ್ಕೆ ನನ್ನಿಂದ ಕ್ಯಾಲೆಂಡರ್ ಹಾಳೆಗಳನ್ನು ಪಡೆಯುತ್ತಾರೆ. ಪಕ್ಕದ ತಾಲ್ಲೂಕಿನ ಮೂವರು ಗಣಿತ ಶಿಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ ಹೋದರು.

ಖರ್ಚು ಈಗ ವರ್ಷಕ್ಕೆ ಮುನ್ನೂರೈವತ್ತರಿಂದ ನಾನೂರು ರೂಪಾಯಿ. ಕ್ಯಾಲೆಂಡರುಗಳನ್ನು ಊರಿನ ಸೊಸೈಟಿಯವರೂ ಅಂಗಡಿಯವರೂ ಪುಕ್ಕಟೆಯಾಗಿ ಕೊಡುತ್ತಾರೆ, ಸ್ಕೆಚ್ ಪೆನ್ನು ಮತ್ತು ಕ್ಲಿಪ್ಪುಗಳಿಗೆ ಮಾತ್ರ ಹಣ. ಗಂಟಲಿನ ಔಷಧಿ ನಿಂತಿದೆ. ಉತ್ತರ ಪತ್ರಿಕೆಗಳ ಕಟ್ಟನ್ನು ಕಂಡರೆ ಆಗುತ್ತಿದ್ದ ದಣಿವು ಕೂಡ ಕಡಿಮೆಯಾಗಿದೆ, ಏಕೆಂದರೆ ಈಗ ನಾನು ರಿಜಿಸ್ಟರಿಗೆ ಹೊಸ ನಮೂದೊಂದು ಸಿಕ್ಕೀತೆಂಬ ಆಸೆಯಿಂದ ಪುಟ ತಿರುವುತ್ತೇನೆ. ಶುಕ್ರವಾರಗಳಂದು ಯಾವ ಬಗೆಯ ತಪ್ಪನ್ನು ಮೊದಲಿಟ್ಟು ಯಾವುದನ್ನು ನಂತರ ಇಡುತ್ತೇನೆ, ಮಾತೇ ಆಡದ ಮಕ್ಕಳನ್ನು ಮೊದಲ ಬಾರಿಗೆ ಹೇಗೆ ಮಾತನಾಡಿಸುತ್ತೇನೆ ಎಂಬ ಎರಡು ಉಪಾಯಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ನನಗೆ ಬಹಳ ದಿನಗಳ ಶ್ರಮದಿಂದ ದಕ್ಕಿದವು, ಬಂದು ತರಗತಿಯಲ್ಲಿ ಕುಳಿತವರಿಗೆ ತಾವಾಗಿಯೇ ಕಾಣುತ್ತವೆ. ಪ್ರಾರಂಭಿಸಬೇಕೆನ್ನುವವರು ಜೂನ್‌ವರೆಗೆ ಕಾಯಬೇಕಾಗಿಲ್ಲ. ಕಳೆದ ಪೂರ್ವಸಿದ್ಧತಾ ಪರೀಕ್ಷೆಯ ಕಟ್ಟು ಕಪಾಟಿನಲ್ಲಿಯೇ ಇರುತ್ತದೆ, ಅದರಲ್ಲಿ ಸಮಾಂತರ ಶ್ರೇಢಿಯ ಉತ್ತರಗಳನ್ನು ಮೊದಲು ತೆಗೆಯಿರಿ, ಅತಿ ಹೆಚ್ಚು ವೈವಿಧ್ಯದ ತಪ್ಪುಗಳು ನನಗೆ ಸಿಕ್ಕಿದ್ದು ಅಲ್ಲಿಯೇ.